ನೂರಕ್ಕೆ ಆರು ಮನೆ: ಅಂದಲೂಸಿನ ಒಣನೆಲದ ತೋಟಗಳು

1609ರ ಸೆಪ್ಟೆಂಬರ್ 22ರಂದು ಸ್ಪೇನಿನ ವೇಲೆನ್ಸಿಯಾ ಪಟ್ಟಣದಲ್ಲಿ ಒಂದು ರಾಜಾಜ್ಞೆಯನ್ನು ಸಾರಲಾಯಿತು. ಆಗ ದೊರೆಯಾಗಿದ್ದವನು ಮೂರನೆಯ ಫಿಲಿಪ್. ಆಜ್ಞೆ ಮೊರಿಸ್ಕೊಗಳ ಮೇಲೆ. ಮೊರಿಸ್ಕೊಗಳೆಂದರೆ ಸುಮಾರು ನೂರು ವರ್ಷಗಳ ಹಿಂದೆ ಬಲವಂತದಿಂದ ಕ್ರೈಸ್ತರಾಗಿದ್ದ ಮುಸಲ್ಮಾನರ ಮಕ್ಕಳು, ಮೊಮ್ಮಕ್ಕಳು. ಮೂರು ದಿನಗಳೊಳಗೆ ಮನೆ ಬಿಟ್ಟು, ಹೊತ್ತುಕೊಂಡು ಹೋಗುವಷ್ಟು ಸಾಮಾನು ಮಾತ್ರ ಹಿಡಿದು ಬಂದರಿಗೆ ಹೊರಡಬೇಕು, ಅಲ್ಲಿಂದ ಹಡಗು ಹತ್ತಿ ಉತ್ತರ ಆಫ್ರಿಕಾಕ್ಕೆ ಹೋಗಬೇಕು ಎಂಬುದು ಅದರ ಸಾರ. ಹೋಗದೆ ಉಳಿದವರಿಗೆ ಮರಣದಂಡನೆ.

ಅದೇ ಆಜ್ಞೆಯೊಳಗೆ ಒಂದು ಸಣ್ಣ ಕಲಮು ಇದೆ. ನೂರು ಮನೆಗಳಿದ್ದರೆ ಅವುಗಳಲ್ಲಿ ಆರು ಮನೆಯವರು ಹೆಂಡತಿ ಮಕ್ಕಳೊಂದಿಗೆ ಉಳಿಯಬಹುದು. ಏಕೆಂದರೆ ಮನೆಗಳು, ಸಕ್ಕರೆಯ ಗಾಣಗಳು, ಭತ್ತದ ಬೆಳೆ, ನೀರಿನ ಕಾಲುವೆಗಳು ಹಾಳಾಗಬಾರದು. ಹೊಸದಾಗಿ ಬಂದು ನೆಲೆಸುವವರಿಗೆ ಕೆಲಸ ಕಲಿಸಲು ಯಾರಾದರೂ ಇರಬೇಕು.

ಓಡಿಸುತ್ತಿದ್ದವರಿಗೆ ತಾವು ಏನನ್ನು ಕಳೆದುಕೊಳ್ಳುತ್ತಿದ್ದೇವೆ ಎಂಬುದು ಚೆನ್ನಾಗಿಯೇ ಗೊತ್ತಿತ್ತು. ಇವರ ನಂಬಿಕೆ ಬೇಡ, ಹೆಸರು ಬೇಡ, ಉಡುಪು ಬೇಡ, ನುಡಿ ಬೇಡ. ಆದರೆ ಇವರಿಗೆ ಗೊತ್ತಿರುವ ನೀರಿನ ಕೆಲಸ ಮಾತ್ರ ಬೇಕು. ಅದಕ್ಕೆ ನೂರಕ್ಕೆ ಆರು ಎಂಬ ಲೆಕ್ಕ. ಹಾಗಾದರೆ ಆ ಆರು ಮನೆಯವರಿಗೆ ಗೊತ್ತಿದ್ದದ್ದಾದರೂ ಏನು?

ನಮ್ಮ ಉರ್ದು ಶಾಲೆಗಳಲ್ಲಿ ಓದಿದವರಿಗೆ ಅಂದಲೂಸ್ ಹೊಸ ಹೆಸರಲ್ಲ. ಆದರೆ ನಾವು ಓದಿದ ಅಂದಲೂಸಿನಲ್ಲಿ ಅರಮನೆ ಇತ್ತು, ಮಸೀದಿ ಇತ್ತು, ಕೊನೆಯಲ್ಲಿ ಒಂದು ಸೋಲು ಮತ್ತು ಕಣ್ಣೀರು ಇತ್ತು. ಇಕ್ಬಾಲರು 1933ರಲ್ಲಿ ಕಾರ್ಡೊವಾಕ್ಕೆ ಹೋಗಿ ಬಂದು ಬರೆದ ದೊಡ್ಡ ಕವಿತೆಯ ಹೆಸರು ಮೇಷ್ಟರ ಬಾಯಲ್ಲಿ ಸದಾ ಇರುತ್ತಿತ್ತು. ಅಲ್ಲಿ ಬದನೆಗಿಡಕ್ಕೆ ಯಾವಾಗ ನೀರು ಹಾಯಿಸುತ್ತಿದ್ದರು ಎಂದು ಯಾರೂ ಹೇಳಿಕೊಡಲಿಲ್ಲ. ಗತವೈಭವದ ಭಾಷಣ ಕೇಳಿ ಕೇಳಿ ಸಾಕಾದ ಮೇಲೆ ನನಗೆ ಕುತೂಹಲ ಹುಟ್ಟಿಸಿದ್ದು ಆ ನೆಲದ ತೋಟಗಾರರು.

ಅವರ ಕೆಲಸ ಅರ್ಥವಾಗಬೇಕಾದರೆ ಮೊದಲು ಅಲ್ಲಿನ ಹವೆ ಅರ್ಥವಾಗಬೇಕು. ನಮ್ಮಲ್ಲಿ ಮಳೆ ಬರುವುದು ನೆಲ ಬೆಚ್ಚಗಿರುವಾಗ. ಬಿಸಿಲು ಮತ್ತು ನೀರು ಒಂದರ ಬೆನ್ನಿಗೆ ಒಂದು ಬರುವುದರಿಂದ ಜೂನ್ ತಿಂಗಳಲ್ಲಿ ಬಿತ್ತಿದ್ದು ತಾನಾಗಿ ಮೇಲೇಳುತ್ತದೆ. ಮೆಡಿಟರೇನಿಯನ್ ಸಮುದ್ರದ ಸುತ್ತ ಇದು ತಿರುವುಮುರುವು. ಮಳೆಯೆಲ್ಲ ಚಳಿಗಾಲದಲ್ಲಿ. ಸೆವಿಲ್ ಪಟ್ಟಣಕ್ಕೆ ವರ್ಷಕ್ಕೆ ಐನೂರು ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ. ನಮ್ಮ ಬಯಲುಸೀಮೆಯವರಿಗೆ ಈ ಅಂಕಿ ಅಪರಿಚಿತವೇನಲ್ಲ. ಆದರೆ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಅಲ್ಲಿ ಹನಿ ಬೀಳುವುದು ಅಪರೂಪ. ಬಿಸಿಲು ನಲವತ್ತು ಡಿಗ್ರಿ ಮುಟ್ಟುವ ದಿನಗಳಲ್ಲಿಯೇ ಆಕಾಶ ಕೈಕಟ್ಟಿ ಕೂರುತ್ತದೆ. ನೀರಿದ್ದಾಗ ಬೆಚ್ಚಗಿಲ್ಲ, ಬೆಚ್ಚಗಿದ್ದಾಗ ನೀರಿಲ್ಲ.

ಆ ನೆಲದ ಗಿಡಗಳು ಇದಕ್ಕೆ ತಮ್ಮದೇ ದಾರಿ ಕಂಡುಕೊಂಡಿವೆ. ಕೆಲವು ಬೇಸಗೆಯಲ್ಲಿ ಮಲಗಿಬಿಡುತ್ತವೆ. ಕೇಸರಿಯ ಗಡ್ಡೆ ಹಾಗೆ: ಶರತ್ಕಾಲದಲ್ಲಿ ಹೂ ಬಿಟ್ಟು, ಚಳಿಗಾಲವಿಡೀ ಎಲೆ ಬೆಳೆಸಿಕೊಂಡು, ಬೇಸಗೆ ಬಂದೊಡನೆ ಮಣ್ಣಿನೊಳಗೆ ನಿದ್ದೆ ಹೋಗುತ್ತದೆ. ನರ್ಗಿಸ್ ಹೂವಿನದೂ ಹೀಗೆಯೇ. ಇನ್ನು ಕೆಲವು ಎಚ್ಚರವಾಗಿಯೇ ಇದ್ದು ಜಿಪುಣತನ ಮಾಡುತ್ತವೆ. ಲ್ಯಾವೆಂಡರ್, ರೋಸ್‌ಮರಿ ಇವುಗಳ ಎಲೆ ಸಣ್ಣದು, ಅಂಚು ಒಳಕ್ಕೆ ಸುರುಳಿ, ಮೈಮೇಲೆ ಬೂದುಬಣ್ಣದ ನವಿರು. ಒಳಗೆ ಗಂಧದ ಎಣ್ಣೆ. ಬಿಸಿಲು ಹೊಡೆದಷ್ಟೂ ಘಮ. ಆಲಿವ್, ಅಂಜೂರ, ಬಾದಾಮಿ, ಕ್ಯಾರೊಬ್ ಮರಗಳು ಬೇರನ್ನು ದೂರದೂರಕ್ಕೆ ಕಳುಹಿಸಿ ಹೊಟ್ಟೆ ಹೊರೆದುಕೊಳ್ಳುತ್ತವೆ. ನಮ್ಮಲ್ಲಿ ಕಣಗಿಲೆ ಎನ್ನುವ ಹೂಗಿಡ ಅಲ್ಲಿ ಒಣಗಿದ ಹಳ್ಳಗಳ ಪಾತ್ರದಲ್ಲಿ ತಾನಾಗಿ ಬೆಳೆದು, ಸುತ್ತಲೂ ಎಲ್ಲ ಸುಟ್ಟುಹೋಗಿರುವಾಗ ಗುಲಾಬಿ ಬಣ್ಣದ ಹೂ ತುಂಬಿಕೊಂಡು ನಿಲ್ಲುತ್ತದೆ.

ತೊಂದರೆ ಇರುವುದು ಹೊರಗಿನಿಂದ ಬಂದ ಗಿಡಗಳದು. ಬದನೆ, ಕಬ್ಬು, ಭತ್ತ, ಹತ್ತಿ, ನಿಂಬೆ, ಕಿತ್ತಳೆ ಇವುಗಳಲ್ಲಿ ಹೆಚ್ಚಿನವು ನಮ್ಮ ಕಡೆಯ, ಅಂದರೆ ಮಳೆ ಮತ್ತು ಸೆಕೆ ಒಟ್ಟಿಗೆ ಬರುವ ನೆಲದ ಹುಟ್ಟು. ಇವಕ್ಕೆ ಬೇಸಗೆಯಲ್ಲೇ ನೀರು ಬೇಕು. ಅರಬರ ಕಾಲದಲ್ಲಿ ಇಂಥ ಹಲವು ಬೆಳೆಗಳು ಇರಾನ್, ಇರಾಕ್, ಈಜಿಪ್ಟ್ ದಾಟಿ ಸ್ಪೇನಿನವರೆಗೂ ಹೋದವು. ಕೆನಡಾದ ಇತಿಹಾಸಕಾರ ಆಂಡ್ರ್ಯೂ ವಾಟ್ಸನ್ ಇದನ್ನೊಂದು ಕೃಷಿಕ್ರಾಂತಿ ಎಂದೇ ವಾದಿಸಿ 1983ರಲ್ಲಿ ಒಂದು ಪುಸ್ತಕ ಬರೆದರು. ಅವರ ಪಟ್ಟಿಯಲ್ಲಿರುವ ಭತ್ತ, ಹತ್ತಿ, ಆರ್ಟಿಚೋಕ್ ಮುಂತಾದವು ರೋಮನರ ಕಾಲದಲ್ಲೇ ಮೆಡಿಟರೇನಿಯನ್ ಸೀಮೆಗೆ ಗೊತ್ತಿದ್ದವು ಎಂದು ಮೈಕೆಲ್ ಡೆಕರ್ 2009ರಲ್ಲಿ ತಕರಾರು ತೆಗೆದರು. ಈ ತಕರಾರಿನಲ್ಲಿ ಹುರುಳಿದೆ. ಎಲ್ಲವನ್ನೂ ನಾವೇ ತಂದೆವು ಎಂದು ಎದೆ ತಟ್ಟಿಕೊಳ್ಳುವ ನಮ್ಮವರು ಅದನ್ನೂ ಓದಬೇಕು. ಆದರೆ ಬೇಸಗೆಯಲ್ಲಿ ಬೀಳು ಬಿದ್ದಿರುತ್ತಿದ್ದ ನೆಲದಲ್ಲಿ ಎರಡನೆಯ ಬೆಳೆಯನ್ನು ದೊಡ್ಡ ಪ್ರಮಾಣದಲ್ಲಿ ತೆಗೆಯುವ ರೂಢಿ ಬಲಗೊಂಡದ್ದು ಈ ಕಾಲದಲ್ಲಿ ಎಂಬುದನ್ನು ಅಲ್ಲಗಳೆಯುವುದು ಕಷ್ಟ.

ಅಂದಲೂಸಿನ ತೋಟದ ಕಥೆ ಶುರುವಾಗುವುದು ಒಬ್ಬ ನಿರಾಶ್ರಿತನಿಂದ. ದಮಾಸ್ಕಸಿನಲ್ಲಿ ಉಮಯ್ಯದ್ ಮನೆತನವನ್ನು ಅಬ್ಬಾಸಿಗಳು ಕೊಚ್ಚಿಹಾಕಿದಾಗ ತಪ್ಪಿಸಿಕೊಂಡು ಓಡಿಬಂದ ಅಬ್ದುಲ್ ರಹಮಾನ್ 756ರಲ್ಲಿ ಕಾರ್ಡೊವಾದ ಅಮೀರನಾದ. ಊರಿನ ವಾಯವ್ಯಕ್ಕೆ ಒಂದು ತೋಟದ ಮನೆ ಕಟ್ಟಿಸಿದ. ತನ್ನ ಅಜ್ಜ ಹಿಶಾಮನ ಸಿರಿಯಾದ ಅರಮನೆಯ ನೆನಪಿಗೆ ಅದಕ್ಕೂ ರುಸಾಫಾ ಎಂದೇ ಹೆಸರಿಟ್ಟ. ಅಲ್ಲಿದ್ದ ಖರ್ಜೂರದ ಮರವನ್ನು ನೋಡಿ, ನೀನೂ ನನ್ನಂತೆ ಪರದೇಶಿ ಎಂಬ ಭಾವದ ಕವಿತೆಯೊಂದನ್ನು ಅವನು ಬರೆದನೆಂದು ಪ್ರತೀತಿ. ಆ ಮರಕ್ಕಿಂತ ನನಗೆ ಅಲ್ಲಿನ ದಾಳಿಂಬೆಯೇ ಹೆಚ್ಚು ಹಿಡಿಸಿತು. ಹದಿನೇಳನೆಯ ಶತಮಾನದ ಚರಿತ್ರೆಕಾರ ಅಲ್-ಮಕ್ಕರಿ ಅದರ ಕಥೆ ಹೇಳಿದ್ದಾನೆ. ಸಿರಿಯಾದಿಂದ ಅಮೀರನಿಗೆ ಒಳ್ಳೆಯ ದಾಳಿಂಬೆ ಹಣ್ಣುಗಳು ಬಂದವು. ಅವನು ಅವನ್ನು ತನ್ನವರಿಗೆ ಹೆಮ್ಮೆಯಿಂದ ತೋರಿಸಿದ. ಅವರಲ್ಲಿದ್ದ ಸಫರ್ ಎಂಬವನು ಬೀಜವನ್ನು ಮಾಲಗಾ ಕಡೆಯ ತನ್ನ ಹಳ್ಳಿಗೆ ಒಯ್ದು, ನೆಟ್ಟು, ಆರೈಕೆ ಮಾಡಿ, ಗಿಡ ಫಲ ಕೊಟ್ಟ ಮೇಲೆ ಹಣ್ಣನ್ನು ತಂದು ಅಮೀರನ ಮುಂದಿಟ್ಟ. ಅಮೀರ ಬೆರಗಾದ. ಆ ತಳಿಗೆ ಸಫರೀ ಎಂಬ ಹೆಸರು ನಿಂತಿತು. ತಳಿಗೆ ಸಿಕ್ಕಿದ್ದು ಹಣ್ಣು ತರಿಸಿಕೊಂಡ ದೊರೆಯ ಹೆಸರಲ್ಲ, ಗಿಡ ಬೆಳೆಸಿದವನ ಹೆಸರು. ಉರ್ದು ಬಲ್ಲವರಿಗೆ ಸಫರ್ ಎಂದರೆ ಪ್ರಯಾಣ ಎಂದೂ ಹೊಳೆಯದೆ ಇರದು.

ದಾಳಿಂಬೆ ಬರ ತಾಳುವ ಗಿಡ ಎಂಬುದನ್ನು ಬಾಗಲಕೋಟೆ, ವಿಜಯಪುರದ ರೈತರಿಗೆ ನಾನು ಹೇಳಬೇಕಾಗಿಲ್ಲ.

ಮುಂದಿನ ಮುನ್ನೂರು ವರ್ಷಗಳಲ್ಲಿ ಈ ಕೈಕೆಲಸ ಪುಸ್ತಕಕ್ಕೆ ಇಳಿಯಿತು. 961ರ ಸುಮಾರಿಗೆ ಕಾರ್ಡೊವಾದಲ್ಲಿ ಒಂದು ಪಂಚಾಂಗ ಸಿದ್ಧವಾಯಿತು. ಯಾವ ತಿಂಗಳಲ್ಲಿ ಯಾವ ನಕ್ಷತ್ರ, ಯಾವ ಬಿತ್ತನೆ, ಯಾವ ಹಣ್ಣು, ಯಾವ ಹಬ್ಬ ಎಂದು ತಿಳಿಸುವ ಅದಕ್ಕೆ ಅರೀಬ್ ಇಬ್ನ್ ಸಅದ್ ಎಂಬ ಮುಸ್ಲಿಮನ ಹೆಸರಿನ ಜೊತೆ ರಬೀ ಇಬ್ನ್ ಝೈದ್ ಎಂಬ ಕ್ರೈಸ್ತ ಬಿಷಪ್ಪನ ಹೆಸರೂ ಸೇರಿದೆ. ಸಂತರ ಹಬ್ಬಗಳು ಮತ್ತು ಬಿತ್ತನೆಯ ದಿನಗಳು ಒಂದೇ ಪುಟದಲ್ಲಿ. ಹನ್ನೊಂದನೆಯ ಶತಮಾನದ ಟೊಲೆಡೊದಲ್ಲಿ ಇಬ್ನ್ ವಾಫಿದ್ ಎಂಬ ವೈದ್ಯ ದೊರೆಗಾಗಿ ತೋಟ ಮಾಡಿಸಿದ. ಬೇಸಾಯದ ಪುಸ್ತಕವೂ ಅವನ ಹೆಸರಿನಲ್ಲಿದೆ. ಅಲ್ಲಿಯೇ ಇದ್ದ ಇನ್ನೊಬ್ಬ ಇಬ್ನ್ ಬಸ್ಸಾಲ್. ಹಜ್ಜ್ ಯಾತ್ರೆಗೆ ಹೋಗಿ ಬರುವಾಗ ಸಿಸಿಲಿ, ಈಜಿಪ್ಟ್ ಕಡೆಯ ಬೇಸಾಯವನ್ನೂ ನೋಡಿ ಬಂದವನು. ಹಾಜಿಯೊಬ್ಬ ತವರಿಗೆ ಮರಳುವಾಗ ಝಮ್‌ಝಮ್ ನೀರಿನ ಜೊತೆ ನೀರಾವರಿಯ ಉಪಾಯವನ್ನೂ ತರುವುದು ಎಷ್ಟು ಚೆಂದ! ಅವನು ತನ್ನ ಪುಸ್ತಕದಲ್ಲಿ ಹಳೆಯ ಪಂಡಿತರ ಹೆಸರು ಹೇಳುವುದೇ ಇಲ್ಲ. ಮಾಡಿ ನೋಡಿದ್ದನ್ನೇ ಬರೆಯುತ್ತಾನೆ. ಮಣ್ಣನ್ನು ಹತ್ತು ಬಗೆಯಾಗಿ, ನೀರನ್ನು ಮಳೆ, ಹೊಳೆ, ಊಟೆ, ಬಾವಿ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿ, ಯಾವ ಗಿಡಕ್ಕೆ ಯಾವುದು ಒಗ್ಗುತ್ತದೆ ಎಂದು ಹೇಳುತ್ತಾನೆ. 1085ರಲ್ಲಿ ಟೊಲೆಡೊ ಕ್ರೈಸ್ತ ದೊರೆ ಆರನೆಯ ಅಲ್ಫಾನ್ಸೊನ ವಶವಾದಾಗ ಇಬ್ನ್ ಬಸ್ಸಾಲ್ ಸೆವಿಲ್‌ಗೆ ವಲಸೆ ಹೋಗಿ ಅಲ್ಲಿಯ ದೊರೆ ಮುಅತಮಿದನ ತೋಟ ನೋಡಿಕೊಂಡ.

ಇವರೆಲ್ಲರ ತಿಳಿವಳಿಕೆಯನ್ನು ಒಟ್ಟುಗೂಡಿಸಿದವನು ಹನ್ನೆರಡನೆಯ ಶತಮಾನದ ಕೊನೆಯ ಇಬ್ನ್ ಅಲ್-ಅವ್ವಾಮ್. ಸೆವಿಲ್ ಬಳಿಯ ಅಲ್-ಶರಫ್ ಗುಡ್ಡಸಾಲಿನಲ್ಲಿ ತಾನೇ ಬೇಸಾಯ ಮಾಡಿದವನು. ಅವನ ಕಿತಾಬ್ ಅಲ್-ಫಿಲಾಹ ಎಂಬ ಗ್ರಂಥದಲ್ಲಿ 585 ಸಸ್ಯಗಳ ವಿವರವಿದೆ, ಐವತ್ತಕ್ಕೂ ಹೆಚ್ಚು ಹಣ್ಣಿನ ಮರಗಳ ಆರೈಕೆಯಿದೆ. ಗ್ರೀಕರು, ರೋಮನರು, ಇರಾಕಿನ ನಬಾತಿ ರೈತರು, ತನ್ನ ಊರಿನ ಹಿರಿಯರು ಎಲ್ಲರ ಮಾತೂ ಅಲ್ಲಿ ಬರುತ್ತದೆ. ಆದರೆ ತಾನು ಹಲವು ಸಲ ಮಾಡಿ ನೋಡದ್ದನ್ನು ತನ್ನ ಮಾತಾಗಿ ಹೇಳುವುದಿಲ್ಲ ಎಂದು ಅವನೇ ಮೊದಲಿಗೆ ಸ್ಪಷ್ಟಪಡಿಸುತ್ತಾನೆ. ಈ ಗ್ರಂಥ ಉರ್ದುವಿಗೂ ಬಂದಿದೆ. ಕನ್ನಡಕ್ಕೆ ಯಾರಾದರೂ ತಂದಾರೇ?

ಈ ಪುಸ್ತಕಗಳಲ್ಲಿ ನೆಲಕ್ಕೆ ಎರಡು ಹೆಸರು. ಬಅಲ್ ಎಂದರೆ ಮಳೆಯೊಂದನ್ನೇ ನಂಬಿದ ನೆಲ. ಸಖಿ ಎಂದರೆ ನೀರು ಹಾಯಿಸುವ ನೆಲ. ನಮ್ಮ ಖುಷ್ಕಿ, ತರಿ ಎಂಬ ವಿಂಗಡಣೆಯಂತೆ. ಜಾಣತನವಿದ್ದದ್ದು ಇವೆರಡರ ಹೊಂದಾಣಿಕೆಯಲ್ಲಿ. ಆಲಿವ್, ಅಂಜೂರ, ಬಾದಾಮಿ, ದ್ರಾಕ್ಷಿ, ಕಡಲೆ, ಕೇಸರಿ ಇವೆಲ್ಲ ಬಅಲ್ ನೆಲದವು. ಅವಕ್ಕೆ ನೀರು ಕೇಳುವ ಹಕ್ಕಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಪಾಲಕ್, ಅಲ್ಲಿನ ದಪ್ಪಬೀಜದ ಅವರೆ ಇವನ್ನು ಚಳಿಗಾಲದ ಮಳೆಯಲ್ಲೇ ತೆಗೆದುಬಿಡುವುದು. ಪಾಲಕ್ ಸೊಪ್ಪನ್ನಂತೂ ಇಬ್ನ್ ಅಲ್-ಅವ್ವಾಮ್ ಸೊಪ್ಪುಗಳ ಸರದಾರ ಎಂದು ಕರೆದಿದ್ದಾನೆ. ಹೀಗೆ ಉಳಿಸಿದ ನೀರೆಲ್ಲ ಬೇಸಗೆಯ ಬದನೆ, ಸೋರೆ, ನಿಂಬೆಗಳ ಪಾಲಿಗೆ. ಒಣಗಿಡಗಳ ಜಿಪುಣತನದಿಂದ ನೀರುಗಿಡಗಳ ಬಾಯಾರಿಕೆ ತೀರುತ್ತಿತ್ತು.

ಉಳಿಸುವ ಉಪಾಯಗಳೂ ಸರಳವಾಗಿದ್ದವು. ಮಣ್ಣಿನ ದೊಡ್ಡ ಮಡಕೆಯನ್ನು ಮರದ ಬುಡದಲ್ಲಿ ಅರ್ಧ ಹೂತು, ಅಳತೆಯ ಸಣ್ಣ ತೂತಿನಿಂದ ನೀರು ಬೇರಿಗೆ ತೊಟ್ಟಿಕ್ಕುವಂತೆ ಮಾಡುವುದನ್ನು ಇಬ್ನ್ ಅಲ್-ಅವ್ವಾಮ್ ಹೇಳುತ್ತಾನೆ. ನಮ್ಮ ಒಣಸೀಮೆಯ ಹಳ್ಳಿಗಳಲ್ಲೂ ಎಳೆಯ ಸಸಿಗೆ ತೂತಿನ ಗಡಿಗೆ ಇಡುವವರಿದ್ದಾರೆ. ಹನಿ ನೀರಾವರಿಯ ಪೈಪು ಮಾರುವವರು ಬರುವ ಮೊದಲಿನ ಮಾತು. ಮಣ್ಣನ್ನು ಮೇಲುಮೇಲಕ್ಕೆ ಕೆದರಿ ಸಡಿಲವಾಗಿಡುತ್ತಿದ್ದರು. ಪುಡಿಯಾದ ಮೇಲ್ಮಣ್ಣು ಕೆಳಗಿನ ತೇವಕ್ಕೆ ಹೊದಿಕೆಯಾಗುತ್ತದೆ. ನಮ್ಮ ಎರೆಹೊಲದ ರೈತ ಕುಂಟೆ ಹೊಡೆಯುವುದೂ ಇದೇ ಕಾರಣಕ್ಕೆ.

ಹೂವಿನ ತೋಟದಲ್ಲೂ ಇದೇ ಬುದ್ಧಿ. ಗ್ರಾನಡಾದ ಅಲ್-ಹಮ್ರಾ ಪಕ್ಕದ ಜನ್ನತ್ ಅಲ್-ಅರೀಫ್, ಈಗಿನ ಉಚ್ಚಾರದಲ್ಲಿ ಹೆನೆರಲೀಫೆ, ಇದರಲ್ಲಿ 1958ರಲ್ಲಿ ಬೆಂಕಿ ಬಿದ್ದು, ನಂತರ ಅಂಗಳವನ್ನು ಅಗೆದು ನೋಡಿದಾಗ ಹಳೆಯ ಹೂಮಡಿಗಳು ನಡೆಯುವ ಹಾದಿಗಿಂತ ಸುಮಾರು ಅರ್ಧ ಮೀಟರ್ ಕೆಳಗಿದ್ದದ್ದು ಕಂಡಿತು. ಸೆವಿಲ್‌ನ ಅರಮನೆಯಲ್ಲಿ ಇನ್ನೂ ಆಳದ ಮಡಿಗಳಿದ್ದವು. ತಗ್ಗಿನಲ್ಲಿ ಗಿಡ ನೆಟ್ಟರೆ ಗಾಳಿ ತಾಕುವುದಿಲ್ಲ, ನೀರು ಹೊರಗೆ ಹರಿದುಹೋಗುವುದಿಲ್ಲ, ತೇವ ಬೇಗ ಆರುವುದಿಲ್ಲ. ನಡೆಯುವವನ ಕಣ್ಣಿಗೆ ಹೂಗಳು ಹಾಸಿದ ಜಮಖಾನದಂತೆ ಕಾಣುತ್ತವೆ ಎಂಬುದು ಮೇಲಿನ ಲಾಭ. ಇವತ್ತು ಪ್ರವಾಸಿಗರು ಫೋಟೊ ತೆಗೆದುಕೊಳ್ಳುವ, ಕಾಲುವೆಯ ಎರಡೂ ಕಡೆಯಿಂದ ಚಿಮ್ಮುವ ಕಾರಂಜಿಗಳು ಹತ್ತೊಂಬತ್ತನೆಯ ಶತಮಾನದ ಸೇರ್ಪಡೆ. ಅಂದಲೂಸಿನ ತೋಟಗಾರ ನೀರನ್ನು ಗಾಳಿಗೆ ಹಾಗೆ ಎಸೆಯುತ್ತಿರಲಿಲ್ಲ. ಕಾರ್ಡೊವಾದ ಮನೆಯಂಗಳಗಳ ಗೋಡೆ ತುಂಬ ತೂಗುವ ಜಿರೇನಿಯಂ ಕುಂಡಗಳೂ ಹೀಗೆಯೇ. ಅವು ಬಂದದ್ದು ಬಹಳ ತಡವಾಗಿ, ದಕ್ಷಿಣ ಆಫ್ರಿಕಾದ ಕಡೆಯಿಂದ. ಬೇಲಿಯ ಕಳ್ಳಿ ಅಮೆರಿಕದ್ದು. ಟೊಮ್ಯಾಟೊ, ಮೆಣಸಿನಕಾಯಿ ಇಬ್ನ್ ಅಲ್-ಅವ್ವಾಮನಿಗೆ ಗೊತ್ತೇ ಇರಲಿಲ್ಲ.

ಬರಗಾಲದ ನೆಲದಲ್ಲಿ ಮನೆತೋಟ ಹೇಗಿರಬೇಕು ಎಂದು ಪದ್ಯದಲ್ಲಿ ಬರೆದವನೊಬ್ಬನಿದ್ದಾನೆ. ಅಲ್ಮೇರಿಯಾದ ಇಬ್ನ್ ಲುಯೂನ್. 1348ರಲ್ಲಿ ಮುಗಿಸಿದ ಅವನ ಬೇಸಾಯದ ಕಾವ್ಯದ ಕೊನೆಯ ಭಾಗದಲ್ಲಿ ತೋಟದ ಮನೆಯ ನಕ್ಷೆಯೇ ಇದೆ. ಮನೆ ಎತ್ತರದಲ್ಲಿರಲಿ, ಕೊಳವೋ ಬಾವಿಯೋ ಹತ್ತಿರವಿರಲಿ, ಇಲ್ಲವೇ ನೆರಳಿನಲ್ಲಿ ಹರಿಯುವ ಕಾಲುವೆಯಿರಲಿ, ಅದರ ಬಳಿ ಸದಾ ಹಸಿರಾಗಿರುವ ಗಿಡಗಳಿರಲಿ, ಸ್ವಲ್ಪ ದೂರದಲ್ಲಿ ಹೂಗಳು, ಸುತ್ತಲೂ ದ್ರಾಕ್ಷಿ ಎಂಬ ಧಾಟಿಯ ಸಲಹೆಗಳು. ಬಾಯಾರುವ ಗಿಡ ನೀರಿನ ಹತ್ತಿರ, ತಾಳುವ ಗಿಡ ದೂರ. ಯುರೋಪಿನಲ್ಲೇ ಅತ್ಯಂತ ಒಣ ಸೀಮೆಗಳಲ್ಲೊಂದಾದ ಅಲ್ಮೇರಿಯಾದಲ್ಲಿ ಕುಳಿತು ಬರೆದವನಿಗೆ ಹನಿಯ ಬೆಲೆ ಗೊತ್ತಿರದೆ ಇನ್ನಾರಿಗೆ ಗೊತ್ತಿರಬೇಕು?

ಆ ಹನಿ ಎಲ್ಲಿಂದ ಬರುತ್ತಿತ್ತು? ಗ್ರಾನಡಾದ ಬೆನ್ನಿಗಿರುವ ಸಿಯೆರಾ ನೆವಾಡಾ ಪರ್ವತದಲ್ಲಿ ಚಳಿಗಾಲಕ್ಕೆ ಹಿಮ ಬೀಳುತ್ತದೆ. ವಸಂತದಲ್ಲಿ ಕರಗಿದ ನೀರು ಒಮ್ಮೆಲೇ ಹೊಳೆ ಸೇರಿದರೆ ಬೇಸಗೆಗೆ ಏನೂ ಉಳಿಯುವುದಿಲ್ಲ. ಅದಕ್ಕಾಗಿ ಎತ್ತರದಲ್ಲೇ ಗುಡ್ಡದ ಮೈಗುಂಟ ಮಣ್ಣಿನ ಕಾಲುವೆ ತೋಡಿ, ನೀರನ್ನು ಬಂಡೆಯ ಬಿರುಕುಗಳಿರುವ ಕಡೆಗೆ ಒಯ್ದು, ಅಲ್ಲಿ ಇಂಗಲು ಬಿಡುತ್ತಿದ್ದರು. ಅದು ಬೆಟ್ಟದ ಹೊಟ್ಟೆಯೊಳಗೆ ನಿಧಾನವಾಗಿ ಇಳಿದು, ವಾರಗಳೋ ತಿಂಗಳುಗಳೋ ಕಳೆದ ಮೇಲೆ ಕೆಳಗಿನ ಹಳ್ಳಿಗಳ ಊಟೆಗಳಲ್ಲಿ ಹೊರಬರುತ್ತಿತ್ತು. ಯಾವ ಕಾಲುವೆಯ ನೀರು ಯಾವ ಊಟೆಯಲ್ಲಿ ಬರುತ್ತದೆ ಎಂಬುದು ಅನುಭವದಿಂದ ಗೊತ್ತಾಗಬೇಕಾದ ಸಂಗತಿ. ತಲೆಮಾರುಗಳ ಕಾಲ ಗಮನಿಸಿದವರ ತಲೆಯಲ್ಲಿ ಮಾತ್ರ ಆ ನಕ್ಷೆ ಇರುತ್ತದೆ. ಬಯಲಿನಲ್ಲಿ ಇನ್ನೊಂದು ಉಪಾಯ: ಇರಾನಿನಿಂದ ಬಂದ ಖನಾತ್, ನೆಲದೊಳಗಿನ ಸುರಂಗ ಕಾಲುವೆ. ಮ್ಯಾಡ್ರಿಡ್ ನಗರ ಹತ್ತೊಂಬತ್ತನೆಯ ಶತಮಾನದವರೆಗೂ ಕುಡಿದದ್ದು ಇಂಥ ಸುರಂಗಗಳ ನೀರನ್ನು. ಇದೇ ವಿದ್ಯೆ ಪೂರ್ವಕ್ಕೆ ಹೊರಟು ನಮ್ಮ ಬೀದರಿಗೂ ಬಂದಿತು. ಬಹಮನಿಗಳ ಕಾಲದ ನೌಬಾದಿನ ಕರೇಜನ್ನು ನೋಡಿದವರಿಗೆ ಮ್ಯಾಡ್ರಿಡ್ಡಿನದು ದಾಯಾದಿ ಎನಿಸದೆ ಇರದು.

ನೀರು ಬಂದ ಮೇಲೆ ಹಂಚುವುದು ಹೇಗೆ? ವೇಲೆನ್ಸಿಯಾದಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ದೊಡ್ಡ ಇಗರ್ಜಿಯ ಬಾಗಿಲ ಹೊರಗೆ ಒಂದು ಪಂಚಾಯಿತಿ ಕೂರುತ್ತದೆ. ತುರಿಯಾ ನದಿಯ ಕಾಲುವೆಗಳ ರೈತರು ತಾವೇ ಆರಿಸಿದ ರೈತರು ಅದರ ನ್ಯಾಯಾಧೀಶರು. ವಕೀಲರಿಲ್ಲ, ಬರವಣಿಗೆಯ ವಾದವಿಲ್ಲ, ಮೇಲ್ಮನವಿಯಿಲ್ಲ. ಸರದಿ ತಪ್ಪಿಸಿ ನೀರು ತಿರುಗಿಸಿಕೊಂಡವನಿಗೆ ಅಲ್ಲೇ ದಂಡ. ಇದು ಮುಸ್ಲಿಮರ ಕಾಲದಿಂದ ನಡೆದು ಬಂದದ್ದೆಂದು ಊರವರ ನಂಬಿಕೆ. ಶುಕ್ರವಾರ ಜುಮಾ ಆದ್ದರಿಂದ ಗುರುವಾರ ವಾರದ ಕೊನೆ. ಮಸೀದಿ ಇಗರ್ಜಿಯಾದ ಮೇಲೆ ಮುಸ್ಲಿಮರು ಒಳಗೆ ಹೋಗುವಂತಿಲ್ಲವಾದ್ದರಿಂದ ಬಾಗಿಲ ಹೊರಗೆ. ಈ ವಿವರಣೆ ದಂತಕಥೆಯೇ ಇದ್ದೀತು. ಆದರೆ 1238ರಲ್ಲಿ ವೇಲೆನ್ಸಿಯಾವನ್ನು ಗೆದ್ದ ದೊರೆ ಜೇಮ್ಸ್, ಕಾಲುವೆಗಳ ನೀರು ಸಾರಾಸೆನ್ನರ, ಅಂದರೆ ಮುಸ್ಲಿಮರ, ಕಾಲದ ಪದ್ಧತಿಯಂತೆಯೇ ಹರಿಯಲಿ ಎಂದು ಅಪ್ಪಣೆ ಕೊಟ್ಟದ್ದು ದಾಖಲೆ. 2009ರಲ್ಲಿ ಯುನೆಸ್ಕೊ ಈ ಪಂಚಾಯಿತಿಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಬೆಳೆಸುವವರ ನುಡಿಯನ್ನು ಮಾತ್ರ ಅಳಿಸಲು ಹೊರಟರು. 1492ರ ಜನವರಿ 2ರಂದು ಗ್ರಾನಡಾ ಶರಣಾದಾಗ ಧರ್ಮಕ್ಕೂ ರೂಢಿಗೂ ಅಡ್ಡಿಯಿಲ್ಲ ಎಂದು ಬರೆದುಕೊಟ್ಟಿದ್ದರು. ಹತ್ತು ವರ್ಷವೂ ಆ ಮಾತು ನಿಲ್ಲಲಿಲ್ಲ. ಅರಬಿ ಪುಸ್ತಕಗಳನ್ನು ರಾಶಿ ಹಾಕಿ ಸುಟ್ಟರು. ವೈದ್ಯದ ಪುಸ್ತಕಗಳನ್ನು ಮಾತ್ರ ಆರಿಸಿ ತೆಗೆದಿಟ್ಟುಕೊಂಡರು. ನೂರಕ್ಕೆ ಆರರ ಲೆಕ್ಕ ಅಲ್ಲೇ ಶುರುವಾಗಿತ್ತು ಎನ್ನಬೇಕು. 1567ರಲ್ಲಿ ಎರಡನೆಯ ಫಿಲಿಪ್ ಅರಬಿ ಮಾತನ್ನೇ ನಿಷೇಧಿಸಿದ. ಆದರೆ ನಿಷೇಧಿಸಿದವನ ಬಾಯಲ್ಲೂ ಅರಬಿ ಇತ್ತು. ಸ್ಪ್ಯಾನಿಷ್ ಭಾಷೆಯಲ್ಲಿ ಕಾಲುವೆ ಅಸೆಕಿಯಾ, ಅರಬಿಯ ಸಾಖಿಯಾ. ಕೊಳ ಅಲ್ಬೆರ್ಕಾ, ಅಲ್-ಬಿರ್ಕಾ. ನೀರೆತ್ತುವ ಚಕ್ರ ನೋರಿಯಾ, ನಾಊರಾ. ಕಣಗಿಲೆ ಅದೆಲ್ಫಾ, ಲ್ಯಾವೆಂಡರ್ ಅಲುಸೇಮಾ, ಕಾಮಕಸ್ತೂರಿ ಅಲ್ಬಾಹಾಕಾ, ಕೇಸರಿ ಅಸಾಫ್ರಾನ್, ಕಿತ್ತಳೆಯ ಹೂ ಅಸಾಹರ್. ಒಂದೊಂದೂ ಅರಬಿ ಮೂಲದ್ದೇ. ಜನರನ್ನು ಹಡಗು ಹತ್ತಿಸಬಹುದು, ಕಣಗಿಲೆಯ ಹೆಸರನ್ನು ಹತ್ತಿಸುವುದು ಹೇಗೆ?

ಬದನೆಯ ವಿಚಾರ ಬೇರೆಯಾಗಿಯೇ ಹೇಳಬೇಕು. ನಮ್ಮ ನೆಲದ ಈ ಕಾಯಿ ಪಾರಸಿಯಲ್ಲಿ ಬಾದಿಂಜಾನ್ ಎನಿಸಿಕೊಂಡು, ಸ್ಪ್ಯಾನಿಷಿನಲ್ಲಿ ಬೆರೆನ್‌ಹೇನಾ ಆಯಿತು. ಇಬ್ನ್ ಅಲ್-ಅವ್ವಾಮ್ ಇದರಲ್ಲಿ ನಾಲ್ಕು ತಳಿ ಗುರುತಿಸುತ್ತಾನೆ: ಈಜಿಪ್ಟಿನ ಬಿಳಿ, ಸಿರಿಯಾದ ನೇರಳೆ, ಕಾರ್ಡೊವಾದ ಕಂದು, ಊರಿನ ಕಪ್ಪು. ಕ್ರೈಸ್ತರ ಆಳ್ವಿಕೆ ಬಂದ ಮೇಲೆ ಬದನೆ ತಿನ್ನುವುದು ಮುಸ್ಲಿಮರ, ಯಹೂದಿಗಳ ಗುರುತು ಎಂಬ ಹಾಸ್ಯ ಹಬ್ಬಿತು. ಒಲೆಯ ಮೇಲೆ ಏನು ಬೇಯುತ್ತಿದೆ ಎಂದು ನೋಡಿ ಮನೆಯವರ ಧರ್ಮ ಅಳೆಯುವ ಚಾಳಿ ಹಳೆಯದು. ಸರ್ವಾಂಟಿಸ್ ತನ್ನ ಡಾನ್ ಕ್ವಿಕ್ಸೋಟಿನ ಎರಡನೆಯ ಭಾಗವನ್ನು ಪ್ರಕಟಿಸಿದ್ದು 1615ರಲ್ಲಿ, ಉಚ್ಚಾಟನೆ ಮುಗಿದ ಮರುವರ್ಷ. ಅದರಲ್ಲಿ ಸಾಂಚೊ ಪಾಂಜಾ ಕಥೆಯನ್ನು ಬರೆದನೆನ್ನಲಾದ ಅರಬ ಚರಿತ್ರೆಕಾರ ಬೆನೆಂಗೆಲಿಯ ಹೆಸರನ್ನು ಬೆರೆನ್‌ಹೇನಾ, ಅಂದರೆ ಬದನೆಕಾಯಿ, ಎಂದು ತಪ್ಪಾಗಿ ಹೇಳುತ್ತಾನೆ. ಮೂರರಿಗೆ ಬದನೆಕಾಯಿ ಎಂದರೆ ಬಲು ಇಷ್ಟವಂತಲ್ಲ ಎಂದೂ ಸೇರಿಸುತ್ತಾನೆ. ಅದೇ ಪುಸ್ತಕದಲ್ಲಿ ಅದೇ ಸಾಂಚೊಗೆ ದಾರಿಯಲ್ಲಿ ಅವನ ಹಳೆಯ ನೆರೆಯವ, ಗಡಿಪಾರಾಗಿ ವೇಷ ಮರೆಸಿಕೊಂಡು ಬಂದ ಮೊರಿಸ್ಕೊ ರಿಕೊತೆ, ಸಿಗುತ್ತಾನೆ. ಇಬ್ಬರೂ ಕೂತು ಉಣ್ಣುತ್ತಾರೆ. ಎಲ್ಲಿದ್ದರೂ ಸ್ಪೇನಿಗಾಗಿ ಅಳುತ್ತೇವೆ ಎಂದು ರಿಕೊತೆ ಹೇಳಿಕೊಳ್ಳುವುದನ್ನು ಓದಿದಾಗ, ಕಥೆ ಬರೆಯುವ ನನ್ನಂಥವನಿಗೆ ಸರ್ವಾಂಟಿಸನ ಹಾಸ್ಯದ ಹಿಂದಿನ ಸಂಕಟ ಕಾಣಿಸಿತು.

ಉಚ್ಚಾಟನೆ 1614ರವರೆಗೆ ನಡೆಯಿತು. ಒಟ್ಟು ಮೂರು ಲಕ್ಷದಷ್ಟು ಜನ ಹೋದರು. ವೇಲೆನ್ಸಿಯಾ ಒಂದರಲ್ಲೇ ಜನಸಂಖ್ಯೆಯ ಸುಮಾರು ಮೂರರಲ್ಲೊಂದು ಪಾಲು ಖಾಲಿಯಾಯಿತು. ಆ ಆರು ಮನೆಯವರು? ಬಹುತೇಕ ಕಡೆ ಉಳಿಯಲು ಯಾರೂ ಒಪ್ಪಲಿಲ್ಲ. ಕಬ್ಬಿನ ದೊಡ್ಡ ಬೇಸಾಯವಿದ್ದ ಗಾಂಡಿಯಾದ ಡ್ಯೂಕ್ ತನ್ನ ಮೊರಿಸ್ಕೊಗಳನ್ನು ಉಳಿಯಿರೆಂದು ಕೇಳಿಕೊಂಡ. ನಮ್ಮ ಧರ್ಮವನ್ನು ಬಹಿರಂಗವಾಗಿ ಆಚರಿಸಲು ಬಿಟ್ಟರೆ ಉಳಿಯುತ್ತೇವೆ ಎಂಬುದು ಅವರ ಉತ್ತರ. ಅದಕ್ಕೆ ಸರಕಾರ ಒಪ್ಪಲಿಲ್ಲ. ಅವರು ಹೊರಟುಹೋದರು. ಗಾಂಡಿಯಾದ ಸಕ್ಕರೆ ಉದ್ಯಮ ನೆಲಕಚ್ಚಿತು. ಎಷ್ಟೋ ಹಳ್ಳಿಗಳು ವರ್ಷಗಟ್ಟಲೆ ಪಾಳು ಬಿದ್ದವು. ಗ್ರಾನಡಾದ ಬೆಟ್ಟಸೀಮೆಯಾದ ಅಲ್ಪುಹಾರಾದಲ್ಲಿ ಇದಕ್ಕೂ ಮ���ದಲೇ, 1568ರ ದಂಗೆಯ ನಂತರ, ಮೊರಿಸ್ಕೊಗಳನ್ನು ಎಬ್ಬಿಸಿ ಬೇರೆ ಸೀಮೆಗೆ ಅಟ್ಟಿ ಉತ್ತರದಿಂದ ಜನರನ್ನು ತಂದು ನೆಲೆಗೊಳಿಸಿದ್ದರು. ಆಗಲೂ ಕಾಲುವೆ, ಮೆಟ್ಟಿಲುಗದ್ದೆಗಳ ಕೆಲಸ ತೋರಿಸಲು ಹಳ್ಳಿಗೆ ಎರಡು ಮೊರಿಸ್ಕೊ ಮನೆಗಳನ್ನು ಉಳಿಸಿಕೊಂಡರೆಂದು ಆ ಕಡೆ ಹೇಳುತ್ತಾರೆ. ಮಳೆ ಧಾರಾಳವಾಗಿರುವ ಉತ್ತರದಿಂದ ಬಂದ ರೈತನಿಗೆ ಹಿಮದ ನೀರನ್ನು ಬೆಟ್ಟದಲ್ಲಿ ಬಚ್ಚಿಡುವುದು ಗೊತ್ತಿರಲು ಹೇಗೆ ಸಾಧ್ಯ?

ಎರಡು ಶತಮಾನ ಕಳೆದ ಮೇಲೆ ಸ್ಪೇನಿನ ಅಧಿಕಾರಿಗಳಿಗೆ ತಮ್ಮ ಬೇಸಾಯ ಸುಧಾರಿಸಬೇಕೆಂಬ ಚಿಂತೆ ಹತ್ತಿತು. 1802ರಲ್ಲಿ ಮ್ಯಾಡ್ರಿಡ್ಡಿನ ರಾಜಮುದ್ರಣಾಲಯದಿಂದ ಎರಡು ದಪ್ಪ ಸಂಪುಟ ಹೊರಬಂದವು. ಪಾದ್ರಿ ಹೊಸೆ ಬಾಂಕೇರಿ ಅನುವಾದಿಸಿದ, ಅರಬಿ ಮೂಲ ಸಮೇತವಾದ ಆ ಪುಸ್ತಕ ಇಬ್ನ್ ಅಲ್-ಅವ್ವಾಮನ ಕಿತಾಬ್ ಅಲ್-ಫಿಲಾಹ. ಬಾಯಲ್ಲಿ ಕಲಿಸಬಲ್ಲವರನ್ನು ಓಡಿಸಿ, ಆಮೇಲೆ ಪುಸ್ತಕ ಅಚ್ಚು ಹಾಕಿದ್ದರು.

ಇಬ್ನ್ ಲುಯೂನನ ಅಲ್ಮೇರಿಯಾ ಈಗ ಬೇರೆಯೇ ಆಗಿದೆ. ಮೂವತ್ತು ಸಾವಿರ ಹೆಕ್ಟೇರಿಗೂ ಹೆಚ್ಚು ನೆಲವನ್ನು ಬಿಳಿ ಪ್ಲಾಸ್ಟಿಕ್ ಹೊದಿಕೆಯ ಹಸಿರುಮನೆಗಳು ಮುಚ್ಚಿವೆ. ಯುರೋಪಿಗೆಲ್ಲ ಚಳಿಗಾಲದಲ್ಲಿ ಟೊಮ್ಯಾಟೊ, ಸೌತೆ, ಬದನೆ ಇಲ್ಲಿಂದ ಹೋಗುತ್ತದೆ. ಅಂತರ್ಜಲ ತುಂಬುವುದಕ್ಕಿಂತ ವೇಗವಾಗಿ ಬರಿದಾಗುತ್ತಿದೆ, ಕಡಲ ಉಪ್ಪು ಒಳಗೆ ನುಗ್ಗುತ್ತಿದೆ. ಆ ಪ್ಲಾಸ್ಟಿಕ್ಕಿನ ಕೆಳಗೆ ಬೆವರು ಸುರಿಸುವವರಲ್ಲಿ ಮೊರಾಕೊದವರು ಬಹಳ. ಒಂದು ಕಾಲಕ್ಕೆ ಇದೇ ಕಡಲು ದಾಟಿ ಓಡಿಸಲ್ಪಟ್ಟವರ ವಂಶದವರೂ ಅವರಲ್ಲಿ ಇದ್ದಾರು. 2000ದ ಫೆಬ್ರವರಿಯಲ್ಲಿ ಮೊರಾಕೊದವನೊಬ್ಬ ಮಾಡಿದ ಕೊಲೆಯ ನೆಪದಲ್ಲಿ ಎಲ್ ಎಹಿದೊ ಪಟ್ಟಣದಲ್ಲಿ ಅವರ ಮನೆ, ಅಂಗಡಿಗಳ ಮೇಲೆ ದಿನಗಟ್ಟಲೆ ದಾಳಿ ನಡೆಯಿತು. ಬೆಳೆ ತೆಗೆಯುವ ಕೈ ಬೇಕು, ಕೈಯ ಹಿಂದಿನ ಮನುಷ್ಯ ಬೇಡ. 1492ರಲ್ಲಿ ಹೊರದೂಡಲ್ಪಟ್ಟ ಯಹೂದಿಗಳ ವಂಶದವರಿಗೆ ಸ್ಪೇನ್ 2015ರಲ್ಲಿ ಪೌರತ್ವದ ಬಾಗಿಲು ತೆರೆಯಿತು, ಒಳ್ಳೆಯದೇ ಆಯಿತು. ಮೊರಿಸ್ಕೊಗಳ ವಂಶದವರಿಗೆ ಅಂಥ ಕಾನೂನು ಬರಲಿಲ್ಲ.

ಸಿಯೆರಾ ನೆವಾಡಾದ ಮೇಲೆ ಮಾತ್ರ ಇನ್ನೊಂದು ಕೆಲಸ ನಡೆದಿದೆ. 2014ರಿಂದ ಈಚೆಗೆ ಗ್ರಾನಡಾ ವಿಶ್ವವಿದ್ಯಾಲಯದ ಪ್ರಾಚ್ಯವಸ್ತು ತಜ್ಞರು, ವಿದ್ಯಾರ್ಥಿಗಳು, ಊರಿನ ರೈತರು ಸೇರಿ ಹೂಳು ತುಂಬಿ ಮರೆತುಹೋಗಿದ್ದ ಹಳೆಯ ಕಾಲುವೆಗಳನ್ನು ಗುದ್ದಲಿ ಹಿಡಿದು ಬಿಡಿಸುತ್ತಿದ್ದಾರೆ. ದಾರಿ ತಿಳಿಯದಾದಾಗ ಅವರು ಮೊರೆಹೋಗುವುದು ಹಳ್ಳಿಗಳಲ್ಲಿ ಉಳಿದಿರುವ ಮುದುಕರಿಗೆ.

ಹಡಗು ಹತ್ತಿದವರಲ್ಲಿ ಹಲವರು ಟುನೀಸಿಯಾದ ಮೆಜೆರ್ದಾ ನದಿಯ ಬಯಲಿನಲ್ಲಿ ಊರು ಕಟ್ಟಿಕೊಂಡರು. ಟೆಸ್ಟೂರ್ ಎಂಬುದು ಅವುಗಳಲ್ಲೊಂದು. ಅಲ್ಲಿನ ಮಸೀದಿಯ ಮಿನಾರಿನಲ್ಲಿ ಒಂದು ಗಡಿಯಾರವಿದೆ. ಅದರ ಮುಳ್ಳುಗಳು ಹಿಮ್ಮುಖವಾಗಿ ತಿರುಗುತ್ತವೆ. ಊರ ಸುತ್ತ ಹಣ್ಣಿನ ತೋಟಗಳು. ಆ ಸೀಮೆಯಲ್ಲೆಲ್ಲ ಟೆಸ್ಟೂರ್ ಹೆಸರಾಗಿರುವುದು ದಾಳಿಂಬೆಗೆ.